ಏಳು ಕರಡಿಗಳ ರುಖವತ

ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದ ಆ ಬೇಸಿಗೆಯಲ್ಲಿ ನನಗೆ ಮಾಡಲು ಕೆಲಸವಿರಲಿಲ್ಲ. ಹಾಗಾಗಿ ಮನೆಯವರು ಮಾಡಿದ್ದನ್ನೆಲ್ಲ ಬರೆದಿಡುತ್ತಿದ್ದೆ. ಇನ್ನೂರು ಪುಟದ ಒಂದು ನೋಟ್‌ಬುಕ್ಕು, ಎರಡು ಪೆನ್ನು. ನೀಲಿಯಲ್ಲಿ ನಡೆದ ಸಂಗತಿ, ಕೆಂಪಿನಲ್ಲಿ ಲೆಕ್ಕ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಜೇವರ್ಗಿಯಲ್ಲಿ ಬಿಸಿಲೊಂದನ್ನು ಬಿಟ್ಟರೆ ಬೇರೆ ಯಾವುದೂ ಹೊತ್ತಿಗೆ ಸರಿಯಾಗಿ ಬರುತ್ತಿರಲಿಲ್ಲ.

ಏಪ್ರಿಲ್ ಎರಡು, ರವಿವಾರದ ಪುಟದಲ್ಲಿ ಹೀಗಿದೆ: "ಅಕ್ಕನನ್ನು ನೋಡಲು ಅಫಜಲಪುರದವರು ಬಂದಿದ್ದರು. ಮಂದಿ ಒಂಬತ್ತು, ಜೀಪು ಒಂದು. ಚುರುಮುರಿ ಸುಸಲಾ ಹದಿನಾಲ್ಕು ತಾಟು. ಅಪ್ಪ ಹೇಳಿದ ಸುಳ್ಳು ನಾಲ್ಕು. ಅಕ್ಕ ಹೇಳಿದ್ದು ಒಂದು."

ಅಪ್ಪನ ನಾಲ್ಕು ಸುಳ್ಳು ಮಾಮೂಲಿನವು. ಅಪ್ಪನದು ಅಡತ ಅಂಗಡಿ. ದಿನವಿಡೀ ಬೇರೆಯವರ ಜೋಳ, ತೊಗರಿ ಹೊಗಳಿ ಮಾರಿಸಿಕೊಡುವ ಮನುಷ್ಯನಿಗೆ ಸ್ವಂತ ಮಗಳನ್ನು ಹೊಗಳದೆ ಇರಲು ಹೇಗೆ ಸಾಧ್ಯ? ಹುಡುಗಿ ಐದಕ್ಕೆ ಏಳುತ್ತಾಳೆ, ಹಿಂದಿ ಮಾತಾಡುತ್ತಾಳೆ, ಸಿನಿಮಾ ನೋಡುವುದಿಲ್ಲ, ಸಿಟ್ಟು ಅಂದರೆ ಏನಂತ ಗೊತ್ತಿಲ್ಲ. ಈ ನಾಲ್ಕನ್ನೂ ಅಫಜಲಪುರದವರು ನಂಬಲಿಲ್ಲ. ನಂಬುತ್ತಾರೆಂದು ಅಪ್ಪನೂ ಅಂದುಕೊಂಡಿರಲಿಲ್ಲ. ಎರಡೂ ಕಡೆಯವರು ಗಂಭೀರವಾಗಿ ತಲೆ ಆಡಿಸಿದರು, ಅಷ್ಟೇ.

ಅಕ್ಕನದು ಬೇರೆ ಥರದ್ದು. ನಮ್ಮ ಪಡಸಾಲೆಯ ಗಾಜಿನ ಕಪಾಟಿನಲ್ಲಿ, ಸ್ಟೀಲಿನ ತಂಬಿಗೆಗಳ ನಡುವೆ, ಒಂದು ಟೆಡ್ಡಿ ಬೇರ್ ಕೂತಿತ್ತು. ನಮ್ಮ ಕಾಕಾ ಸೊಲ್ಲಾಪುರದ ಬಜಾರಿನಿಂದ ತಂದದ್ದು. ಹುಡುಗ ಅರ್ಧ ಗಂಟೆಯಿಂದ ತಲೆ ತಗ್ಗಿಸಿ ಕೂತಿದ್ದ. ನಮ್ಮ ಕಡೆ ತಲೆ ತಗ್ಗಿಸುವುದು ಹುಡುಗಿಯ ಕೆಲಸ. ಆದರೆ ಅಕ್ಕ ಅವನನ್ನು ನೆಟ್ಟಗೆ ನೋಡುತ್ತಿದ್ದಳಾದ್ದರಿಂದ ಇಬ್ಬರಲ್ಲಿ ಒಬ್ಬರು ಮರ್ಯಾದೆ ಉಳಿಸಬೇಕಿತ್ತು. ಕೊನೆಗೆ ಅವನು ತಲೆ ಎತ್ತಿ, ಕಪಾಟು ನೋಡಿ, ನಕ್ಕು, ಒಂದೇ ಒಂದು ಪ್ರಶ್ನೆ ಕೇಳಿದ: "ಆ ಕರಡಿ ನೀವು ಮಾಡಿದ್ದೇನ್ರಿ?"

"ಹೌದ್ರಿ," ಅಂದಳು ಅಕ್ಕ.

ಅಕ್ಕನಿಗೆ ಸೂಜಿಗೆ ದಾರ ಪೋಣಿಸಲು ಕೂಡ ಬರುತ್ತಿರಲಿಲ್ಲ. ಲಂಗದ ಲಾಡಿ ಕಿತ್ತರೆ ಗುಂಡುಪಿನ್ನು ಚುಚ್ಚಿಕೊಂಡು ಕಾಲೇಜಿಗೆ ಹೋಗುತ್ತಿದ್ದವಳು. ಬೀಗರ ಜೀಪು ಹೋದ ಮೇಲೆ ಕೇಳಿದೆ: "ಯಾಕ ಹಂಗಂದಿ?"

"ಅಂವ ಅದನ್ನ ನೋಡಿ ನಕ್ಕ ಬೇ. ಅಷ್ಟು ಛಂದ ನಕ್ಕಾಂವಗ ಇಲ್ಲ ಅನ್ನಾಕ ಬಾಯಿ ಬರಲಿಲ್ಲ."

ಇದನ್ನು ನೀಲಿಯಲ್ಲಿ ಬರೆದುಕೊಂಡೆ. ಲೆಕ್ಕಕ್ಕೆ ಸಿಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಏಪ್ರಿಲ್ ಹತ್ತು, ಸೋಮವಾರ, ಕಾರ್ಡು ಬಂತು. ಹೇಳಿ ಬರೆಸಿದವಳು ಹುಡುಗನ ಅಜ್ಜಿ, ಬರೆದವನು ಹುಡುಗ. ಹೆಣ್ಣು ಒಪ್ಪಿಗೆ, ಮೇ ಹದಿನೆಂಟಕ್ಕೆ ಮುಹೂರ್ತ. ಅದರ ಕೆಳಗೆ: "ರುಖವತದಾಗ ಚಕ್ಕುಲಿ ಗೋಪುರ ಕಟ್ಟಬ್ಯಾಡ್ರಿ. ಹುಡುಗಿ ಕೈಲೆ ಮಾಡಿದ ಕರಡಿ ಇಡ್ರಿ, ಏಳು. ಮನ್ಯಾಗ ಸಣ್ಣ ಮಕ್ಕಳು ಏಳು ಅದಾವ." ರುಖವತ ಅಂದರೆ ಮದುವೆಮನೆಯಲ್ಲಿ ಹೆಣ್ಣಿನ ಕಡೆಯವರು ಹುಡುಗಿಯ ಕೈಕೆಲಸವನ್ನೂ ತಿಂಡಿಗಳನ್ನೂ ಮೇಜಿನ ಮೇಲೆ ಜೋಡಿಸಿ ಗಂಡಿನ ಕಡೆಯವರಿಗೆ ತೋರಿಸುವುದು. ಬಂದವರು ಬೆನ್ನ ಹಿಂದೆ ಕೈ ಕಟ್ಟಿಕೊಂಡು, ಶಾಲೆ ತಪಾಸಣೆಗೆ ಬಂದ ಸಾಹೇಬರ ಹಾಗೆ ಅದನ್ನು ನೋಡುತ್ತ ಸಾಗುತ್ತಾರೆ.

ಕಾರ್ಡು ಓದಿ ಅಪ್ಪನಿಗೆ ಹಿಗ್ಗು. ಏಳಲ್ಲ, ಹದಿನಾಲ್ಕು ಮಾಡುತ್ತಾಳೆ ಅಂದರು. ಹಾಗಂತ ಅಂಗಡಿಯಲ್ಲಿ ಕೂತವರಿಗೆಲ್ಲ ಸಾರಿದರು. ನಿಜ ಗೊತ್ತಿದ್ದೂ ಸಾರಿದರು. ಸೊಲ್ಲಾಪುರದಿಂದ ಏಳು ತಂದಿಟ್ಟರಾಯಿತು ಅಂತ ಅವರ ಯೋಜನೆ.

ಅಕ್ಕ ಅಡ್ಡ ಬಂದಳು. "ಅಂಗಡಿದ್ದು ತಂದ್ರ ನಾ ಹಸಿಮಣಿ ಮ್ಯಾಲ ಕೂಡೂದಿಲ್ಲ. ಒಂದು ಸುಳ್ಳು ಹೇಳೇನಿ. ಅದರ ಮ್ಯಾಲ ಏಳು ಹೊರಿಸಬ್ಯಾಡ್ರಿ. ಒಂದರ ನಾನೇ ಮಾಡತೇನಿ."

ಅವಳಿಗೆ ಇದ್ದ ಚಿಂತೆ ಅದೊಂದೇ. ಗಂಡ ಆಗುವವನ ಜೊತೆ ತಾನು ಆಡಿದ ಮೊದಲನೇ ಮಾತೇ ಸುಳ್ಳು. ಅದನ್ನು ಹೊತ್ತುಕೊಂಡು ಆ ಮನೆ ಹೊಸ್ತಿಲು ದಾಟಬಾರದು. ಕಾಗದ ಬರೆದು ನಿಜ ತಿಳಿಸೋಣ ಅಂದರೆ ನಮ್ಮ ಅಂಚೆಯವನು ದಿನಾ ಅಪ್ಪನ ಅಂಗಡಿಯಲ್ಲಿ ಚಹಾ ಕುಡಿಯುವವನು. ಕಾರ್ಡಾದರೆ ಓದಿ ಹೇಳುತ್ತಿದ್ದ, ಲಕೋಟೆಯಾದರೆ ಯಾರಿಗೆ ಹೋಯಿತೆಂದು ಹೇಳುತ್ತಿದ್ದ. ಬರೆದ ಕಾಗದ ಮೂರು, ಹರಿದದ್ದು ಮೂರು.

ಉಳಿದ ಆರನ್ನು ಮಾಡಲೆಂದು ಏಪ್ರಿಲ್ ಹದಿನಾಲ್ಕಕ್ಕೆ ಆಳಂದದಿಂದ ಅತ್ತಿ ಬಂದಳು. ಅಪ್ಪನ ತಂಗಿ. ಮದುವೆಗೆ ಮುಂಚೆ ಸೊಲ್ಲಾಪುರದ ಬೊಂಬೆ ಕ್ಲಾಸಿಗೆ ಹೋಗಿ ಬಂದವಳು. ಆಳಂದದಲ್ಲಿ ಓಣಿಯ ನಾಲ್ಕು ಹೆಂಗಸರನ್ನು ಕೂಡಿಸಿ ಮಧ್ಯಾಹ್ನದ ಹೊತ್ತು ಕರಡಿ, ಮೊಲ, ಆನೆ ಹೊಲಿಯುತ್ತಿದ್ದಳು. ಮಾರುವುದಕ್ಕಲ್ಲ, ಯಾರಿಗೋ ಕೊಡುವುದಕ್ಕೂ ಅಲ್ಲ. ಒಬ್ಬಳಿಗಿಂತ ಇನ್ನೊಬ್ಬಳ ಆನೆ ಛಂದ ಆಗಬೇಕು, ಆದಮೇಲೆ ಒಂದು ವಾರ ಮಾತು ಬಿಡಬೇಕು, ಅದೇ ಅವರ ಹವ್ಯಾಸ. ಅವಳು ಗಂಡನಿಗೆ ಅನ್ನ ಇಡುವುದನ್ನು ಕಲಿಸಿ, ಬಟ್ಟೆಗಂಟು ಹೊತ್ತುಕೊಂಡು, ಒಂದು ತಿಂಗಳಿಗೆ ಅಂತಲೇ ಬಂದಿದ್ದಳು.

ಗಂಟಿನಲ್ಲಿ ಜೂಲು ಜೂಲಾದ ಫರ್ ಬಟ್ಟೆ. ಆಳಂದದ ಅಂಗಡಿಯಲ್ಲಿ ಉಳಿದಿದ್ದ ಬಣ್ಣ ಎರಡು: ಗುಲಾಬಿ ಮತ್ತು ಗಿಳಿಹಸಿರು.

"ಕರಡಿ ಕರ್ರಗ ಇರ್ತದಲ್ಲ?" ಅಂದಳು ಅವ್ವ.

"ಅಡವ್ಯಾಗ ಇದ್ದದ್ದು ಕರ್ರಗಿರ್ತದ ವೈನಿ. ಕಪಾಟಿನ್ಯಾಗ ಇರೂದಕ್ಕ ಯಾವ ಬಣ್ಣ ಆದ್ರೇನು?"

ಮರುದಿನದಿಂದ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ, ಗಂಡಸರು ಗೊರಕೆ ಹೊಡೆಯುವ ಹೊತ್ತಿನಲ್ಲಿ, ನಮ್ಮ ಪಡಸಾಲೆಯಲ್ಲಿ ಕರಡಿ ಕೆಲಸ. ಕೂಡುವವರು ಅತ್ತಿ, ಅವ್ವ, ಎದುರುಮನೆ ಆಯಿ, ಹಿತ್ತಲ ಕಡೆಯ ಖಾಲಾ. ಅಕ್ಕ ಚಹಾ ಕೊಡುತ್ತಿದ್ದಳು, ನಾನು ಬರೆಯುತ್ತಿದ್ದೆ. ಆಯಿ ಎಪ್ಪತ್ತು ದಾಟಿದವಳು. ಹಳೆ ಸೀರೆ ಜೋಡಿಸಿ ಕೌದಿ ಹೊಲಿಯುವುದರಲ್ಲಿ ನಮ್ಮ ಓಣಿಗೆಲ್ಲ ಗುರು. ಅವಳೇ ಎಣಿಸಿ ಹೇಳಿದಂತೆ ಅಲ್ಲಿಯವರೆಗೆ ಹೊಲಿದ ಕೌದಿ ನೂರಾ ಹನ್ನೊಂದು. ಖಾಲಾ ಕ್ರೋಶಾದಲ್ಲಿ ಎತ್ತಿದ ಕೈ. ಅವಳ ಮನೆಯಲ್ಲಿ ರೇಡಿಯೋಕ್ಕೆ, ನೀರಿನ ಹೂಜಿಗೆ, ಪಂಖಾದ ಬಟನ್ನಿಗೆ ಕೂಡ ಕ್ರೋಶಾದ ಟೋಪಿ ಇತ್ತು.

ಮೊದಲ ದಿನವೇ ಜಗಳ. ಅತ್ತಿ ರಟ್ಟಿನ ಮೇಲೆ ಗೀಚಿದ ನಮೂನೆ ಹರವಿದಳು: ಮೈಗೆ ಎರಡು ಹೋಳು, ಕಿವಿಗೆ ನಾಲ್ಕು, ಕೈಕಾಲಿಗೆ ಎಂಟು, ತಲೆಯ ಎರಡು ಹೋಳಿನ ನಡುವೆ ಹಣೆಯಿಂದ ಕುತ್ತಿಗೆಯವರೆಗೆ ಒಂದು ಪಟ್ಟಿ. ಆಯಿ ಕನ್ನಡಕ ಏರಿಸಿ ನೋಡಿದಳು.

"ಮೂಗುದಾರ ಎಲ್ಲಿ?"

"ಏನ್ ಮೂಗುದಾರ?"

"ಕರಡಿಗೆ ಮೂಗುದಾರ ಬ್ಯಾಡೇನು? ನಾ ಹುಟ್ಟಿದಾಗಿಂದ ಮೂಗುದಾರ ಇಲ್ಲದ ಕರಡಿ ನೋಡಿಲ್ಲ. ಆಡಿಸಾಂವ ಹಿಡಕೊಂಡು ಬರಬೇಕಲ್ಲ?"

"ಆಯಿ, ಇದು ಆಡಿಸೂ ಕರಡಿ ಅಲ್ಲ. ಆಡೂ ಕರಡಿ."

"ಯಾವುದರ ಇರ್ಲಿ. ಕಟ್ಟಲಾರದ ಕರಡಿ ಸಣ್ಣ ಮಕ್ಕಳ ಕೈಯಾಗ ಕೊಡ್ತೀರೇನು? ಬುದ್ಧಿ ಅದ ಇಲ್ಲ?"

ಖಾಲಾ ನಡುವೆ ಬಂದಳು. "ಅರೆ ಆಯಿ, ಈ ಕರಡಿಗ ಹಲ್ಲಾ ಇಲ್ಲ, ಉಗರಾ ಇಲ್ಲ. ಬಿಚಾರಾ. ಇದಕ್ಕ ಯಾಕ ಹಗ್ಗ?"

ಒಂದನೇ ಕರಡಿಗೆ ಆಯಿ ಹಟ ಹಿಡಿದು ಕೆಂಪು ದಾರದ ಮೂಗುದಾರ ಪೋಣಿಸಿದಳು. ಅವಳು ಎಲೆ ಅಡಿಕೆ ತರಲು ಮನೆಗೆ ಹೋದಾಗ ಖಾಲಾ ಅದನ್ನು ಕತ್ತರಿಸಿದಳು. ವಾಪಸು ಬಂದ ಆಯಿ ಮತ್ತೆ ಪೋಣಿಸಿದಳು. ನನ್ನ ಲೆಕ್ಕದಲ್ಲಿ ಪೋಣಿಸಿದ್ದು ಐದು, ಕತ್ತರಿಸಿದ್ದು ಐದು. ಕೊನೆಗೆ ಆಯಿ ಸೋತಳೆಂದಲ್ಲ, ಕೆಂಪು ದಾರ ಮುಗಿಯಿತು.

ಅದರ ಸಂಗಡ ಆಯಿ ಇನ್ನೊಂದು ಕೆಲಸ ಮಾಡಿದಳು. ಕರಡಿಯ ಕೂದಲನ್ನು ತಾಯತದಲ್ಲಿ ಕಟ್ಟಿದರೆ ಮಕ್ಕಳು ಬೆಚ್ಚುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ ಇದೆ. ಆಯಿ ಫರ್ ಬಟ್ಟೆಯ ಗುಲಾಬಿ ಜೂಲು ಒಂದು ಚಿಟಿಕೆ ಕಿತ್ತು ತನ್ನ ಮರಿಮಗನ ನಡುವಿಗೆ ಕಟ್ಟಿದಳು. ಮೂರೇ ದಿನಕ್ಕೆ ಅವನು ಬೆಚ್ಚುವುದು ನಿಂತಿತೆಂದು ಹೇಳಿಕೊಂಡು ಬಂದಳು. ಅದು ಸೊಲ್ಲಾಪುರದ ಗಿರಣಿ ಬಟ್ಟೆ ಅಂತ ಅತ್ತಿ ಅಂದದ್ದಕ್ಕೆ, "ಗಿರಣ್ಯಾಗ ಮಾಡಿದ್ದಾದ್ರ ಏನಾತು, ಕರಡಿದಾ ಅಲ್ಲ?" ಅಂದಳು. ಆಮೇಲೆ ಓಣಿಯ ಇನ್ನೂ ನಾಲ್ಕು ಮಕ್ಕಳಿಗೆ ಗುಲಾಬಿ ತಾಯತ ಬಂದವು. ಒಂದು ಕರಡಿಯ ಬೆನ್ನು ಬೋಳಾಯಿತು.

ಸೋಮವಾರ ಭಿಕ್ಷಕ್ಕೆ ಬಂದ ಅಯ್ನೋರನ್ನು ಕೂಡ ಆಯಿ ಬಿಡಲಿಲ್ಲ. ಕಣ್ಣು ಹಚ್ಚಲು ಒಳ್ಳೆಯ ಗಳಿಗೆ ಯಾವುದು ಎಂದು ಕೇಳಿದಳು. ಕಣ್ಣು ಹಚ್ಚಿದ ಮೇಲೆ ಅದು ಜೀವ ಬಂದಂತೆ, ಹೊತ್ತುಗೊತ್ತು ನೋಡದೆ ಹಚ್ಚಬಾರದು ಅಂತ. ಅಯ್ನೋರು ಪಡಸಾಲೆಯಲ್ಲಿ ಸಾಲಾಗಿ ಕೂತ ಕುರುಡು ಕರಡಿಗಳನ್ನು ನೋಡಿದರು. ಅದರ ಪಕ್ಕದ ತಾಟಿನಲ್ಲಿ ಅಪ್ಪನ ಹಳೆಯ ಕೋಟಿನಿಂದ ಬಿಚ್ಚಿದ ಕರಿಯ ಗುಂಡಿಗಳನ್ನೂ ನೋಡಿದರು.

"ತಂಗಿ, ಮನುಷ್ಯರ ಗಳಿಗಿ ನೋಡಿ ನೋಡಿ ನನಗ ಸಾಕಾಗ್ಯಾದ," ಅಂದರು. "ಕರಡಿದು ಕರಡಿನೇ ನೋಡಿಕೊಳ್ಳಲಿ." ಜೋಳಿಗೆಗೆ ಹಿಟ್ಟು ಹಾಕಿಸಿಕೊಂಡು ಹೋದರು. ಹೋಗುವ ಮುಂಚೆ ಒಂದನ್ನು ಎತ್ತಿ ಹೊಟ್ಟೆ ಒತ್ತಿ ನೋಡಿದ್ದನ್ನು ನಾನು ಬರೆದುಕೊಂಡಿದ್ದೇನೆ.

ಹೀಗೆ ಕೆಲಸ ಸಾಗಿತು. ಅತ್ತಿ ಕತ್ತರಿಸಿ, ಬಟ್ಟೆಯ ಒಳಮಗ್ಗುಲಿಂದ ಹೊಲಿದು, ಬೆನ್ನಿನಲ್ಲಿ ನಾಲ್ಕು ಬೆರಳು ಜಾಗ ಬಿಟ್ಟು, ಅಂಗಿ ತಿರುವಿದ ಹಾಗೆ ಹೊರಮಗ್ಗುಲು ಮಾಡುತ್ತಿದ್ದಳು. ಅವ್ವ ಹಿಂಜಿದ ಅರಳೆ ತುಂಬುತ್ತಿದ್ದಳು, ಮೊದಲು ಮೂತಿ, ಆಮೇಲೆ ತಲೆ, ಕೊನೆಗೆ ಹೊಟ್ಟೆ, ಲಟ್ಟಣಿಗೆಯ ಹಿಡಿಯಿಂದ ಜಡಿದು ಜಡಿದು. ಖಾಲಾ ಕರಿ ದಾರದಲ್ಲಿ ಮೂಗು ಬಾಯಿ ತೆಗೆಯುತ್ತಿದ್ದಳು. ಅವಳು ತೆಗೆದ ಕರಡಿಗಳೆಲ್ಲ ಯಾರದೋ ಚಾಡಿ ಕೇಳಿಸಿಕೊಂಡ ಹಾಗೆ ತುಟಿ ಬಿಗಿದಿರುತ್ತಿದ್ದವು. ಬೆನ್ನು ಮುಚ್ಚುವ ಹೊಲಿಗೆ ಮಾತ್ರ ಆಯಿಯದು. ಎಲ್ಲಿ ಹೊಲಿದಳೆಂದು ಹುಡುಕಿದರೂ ಸಿಗುತ್ತಿರಲಿಲ್ಲ.

ಏಪ್ರಿಲ್ ಇಪ್ಪತ್ತೆರಡು, ಶನಿವಾರ, ಒಂದನೇ ಕರಡಿಯ ಬೆನ್ನು ಮುಚ್ಚುವ ಮುಂಚೆ ಆಯಿ ತನ್ನ ಎಲೆ ಸಂಚಿಯಿಂದ ಏನೋ ತೆಗೆದು ಒಳಗೆ ತುರುಕಿದಳು. ಉಳಿದವರು ಚಹಾ ಕುಡಿಯಲು ಎದ್ದಿದ್ದರು.

"ಆಯಿ, ಏನ್ ಇಡಾಕತ್ತಿ?"

"ಉಣ್ಣಾಕ ಕೊಡಾಕತ್ತೇನಿ."

ಕೌದಿಯ ಕೊನೆಯ ಮೂಲೆ ಮುಚ್ಚುವಾಗ ಒಣರೊಟ್ಟಿಯ ಒಂದು ಚೂರನ್ನು ಒಳಗಿಟ್ಟು ಹೊಲಿಯುವುದು ಆಯಿಯ ಪದ್ಧತಿ. ಅವಳ ಅವ್ವನದೂ ಅದೇ ಪದ್ಧತಿಯಾಗಿತ್ತು. ಕೌದಿ ಹಸಿದಿರಬಾರದು, ಹಸಿದ ಕೌದಿ ಹೊದ್ದವರನ್ನು ಮಲಗಗೊಡುವುದಿಲ್ಲ ಎನ್ನುವುದು ಅವರ ಲೆಕ್ಕ. ಅದು ನನಗೂ ಗೊತ್ತಿತ್ತು. ಆದರೆ ಇದು ರೊಟ್ಟಿಯಲ್ಲ, ಬೆಲ್ಲ. ಅಡಿಕೆಯ ಗಾತ್ರದ್ದು.

"ಕೌದಿಗೆ ರೊಟ್ಟಿ ಸಾಕು. ಅದು ಬಡವರ ಮನಿ ಕೂಸು," ಅಂದಳು ಆಯಿ. "ಕರಡಿ ಜೇನು ತಿನ್ನೂ ಜಾತಿ. ರೊಟ್ಟಿ ಇಟ್ರ ಮುನಿಸಿಕೊಂತದ. ನೀ ಯಾರ ಮುಂದೂ ಹೇಳಬ್ಯಾಡ, ಅತ್ತಿ ಸೊಲ್ಲಾಪುರದಾಗ ಹಿಂಗಿಲ್ಲ ಅಂತ ಸುರು ಮಾಡ್ತಾಳ."

ನಾನು ಹೇಳಲಿಲ್ಲ. ಕೆಂಪು ಶಾಯಿಯಲ್ಲಿ "ಕರಡಿ ಒಂದು: ಬೆಲ್ಲ, ಅಡಿಕೆ ಗಾತ್ರ" ಎಂದು ಬರೆದೆ. ಬರೆದಿಟ್ಟರೆ ಆ ಸಂಗತಿಯ ಬಗ್ಗೆ ನನ್ನ ಜವಾಬ್ದಾರಿ ಮುಗಿಯಿತೆಂದು ಆಗ ನಂಬಿದ್ದೆ. ಆರೂ ಕರಡಿಗಳ ಮುಂದೆ ಅದೇ ಸಾಲು ಬರೆದೆ. ಮೇ ತಿಂಗಳ ಜೇವರ್ಗಿಯಲ್ಲಿ ಬೆಲ್ಲ ಏನಾಗುತ್ತದೆಂದು ಹತ್ತು ವರ್ಷದ ಕೂಸಿಗೂ ಗೊತ್ತು. ನಾನು ಮಾತ್ರ ಲೆಕ್ಕದಲ್ಲಿ ಮುಳುಗಿದ್ದೆ.

ಅಕ್ಕನ ಕಥೆ ಬೇರೆ ನಡೆದಿತ್ತು. ಅವಳು ಪಡಸಾಲೆಯ ಮೂಲೆಯಲ್ಲಿ, ಯಾರಿಗೂ ತೋರಿಸದೆ, ಬೆನ್ನು ತಿರುಗಿಸಿ ಕೂತು ಹೊಲಿಯುತ್ತಿದ್ದಳು. ಮೊದಲನೆಯದಕ್ಕೆ ರಟ್ಟನ್ನು ಮಗುಚದೆ ಎರಡು ಸಲ ಕತ್ತರಿಸಿದಳು. ಎರಡೂ ಎಡಮಗ್ಗುಲೇ ಆದವು, ಒಂದಕ್ಕೊಂದು ಕೂಡಲಿಲ್ಲ. ಎರಡನೆಯದಕ್ಕೆ ಜೂಲು ಯಾವ ಕಡೆ ಮಲಗಿದೆ ಎಂದು ನೋಡದೆ ಕತ್ತರಿಸಿದಳು. ಅದರ ಕೂದಲು ಮೇಲ್ಮುಖವಾಗಿ ನಿಂತು, ಕರೆಂಟು ಹೊಡೆಸಿಕೊಂಡಂತೆ ಕಂಡಿತು. ಮೂರನೆಯದಕ್ಕೆ ತಲೆ ಹಿಂದುಮುಂದಾಗಿ ಕೂತಿತು. ಅತ್ತಿ ಅದನ್ನು ನೋಡಿ, "ಹೋಗೂದು ಬರೂದು ಎರಡೂ ನೋಡ್ತದ, ಛಲೋ ಆತು," ಅಂದಳು. ಅಕ್ಕ ಎರಡು ದಿನ ಅತ್ತಿಗೆ ಚಹಾ ಕೊಡಲಿಲ್ಲ.

"ನಾ ಒಂದು ಹೊಲಿಗಿ ಹಾಕ್ತೇನಿ, ನೀ ಮುಗಿಸು," ಅಂತ ಅತ್ತಿಯೇ ರಾಜಿಗೆ ಬಂದಳು.

"ಯಾರೂ ಮುಟ್ಟಬ್ಯಾಡ್ರಿ. ಮುಟ್ಟಿದ್ರ ಅದು ನಂದಲ್ಲ."

"ಏ ಹುಡುಗಿ, ಗಂಡಂದ್ರ ಏನ್ ಮಾಸ್ತರೇನು? ಅಂವ ಹೊಲಿಗಿ ಎಣಿಸ್ತಾನೇನು?"

"ಅಂವ ಎಣಿಸೂದಿಲ್ಲತ್ತಿ. ನಾ ಎಣಿಸತೇನಿ."

ನಾಲ್ಕನೆಯ ಹೊತ್ತಿಗೆ ಇಡೀ ಬಟ್ಟೆ ಉಳಿದಿರಲಿಲ್ಲ. ಚೂರುಗಳನ್ನು ಕೂಡಿಸಿ, ತಲೆ ಗಿಳಿಹಸಿರು, ಮೈ ಗುಲಾಬಿ, ಒಂದು ಕಾಲು ಎರಡೂ ಬಣ್ಣ ಮಾಡಿ ಹೊಲಿದಳು. ಮೇ ಹದಿನಾರು, ಮಂಗಳವಾರ, ಸಂಜೆ ಐದಕ್ಕೆ ಬೆನ್ನು ಮುಚ್ಚಲು ಕೂತಳು. ಆಯಿ ಸಂಚಿ ಹಿಡಿದುಕೊಂಡು ಹತ್ತಿರ ಸರಿದಾಗ ಅಕ್ಕ ಕರಡಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ಉಪವಾಸ ಸಾಯ್ಲಿ ಹಂಗಾರ," ಅಂತ ಗೊಣಗುತ್ತ ಆಯಿ ಎದ್ದು ಹೋದಳು. ಅಕ್ಕನ ಕರಡಿಗೆ ಒಂದು ಕಿವಿ ಮೇಲೆ, ಒಂದು ಕೆಳಗೆ. ಒರಗಿಸದೆ ಕೂಡಿಸಿದರೆ ಬೀಳುತ್ತಿತ್ತು. ಬಾಯಿ ತೆಗೆಯಲು ಹೊತ್ತು ಉಳಿಯಲಿಲ್ಲ. ಆದರೂ ಅದನ್ನು ಎತ್ತಿ ನೋಡಿ ಅಕ್ಕ ಮಾಡಿದ ಮುಖವನ್ನು ಅವಳ ಡಿಗ್ರಿ ಫಲಿತಾಂಶ ಬಂದಾಗಲೂ ನಾನು ನೋಡಿರಲಿಲ್ಲ.

ಮೇ ಹದಿನೇಳು, ಬುಧವಾರ. ಬೀಗರು ಮಧ್ಯಾಹ್ನ ಮೂರಕ್ಕೆ ಬಂದಿಳಿದರು. ಲಾರಿ ಒಂದು, ಜೀಪು ಎರಡು, ಮಂದಿ ಅರವತ್ತೆಂಟು, ಲೆಕ್ಕಕ್ಕೆ ಸಿಗದೆ ಓಡಾಡಿದ ಮಕ್ಕಳು ಬೇರೆ. ನಾಲ್ಕಕ್ಕೆ ರುಖವತ. ಬಿಳಿ ಚಾದರ ಹಾಸಿದ ಮೇಜಿನ ಮೇಲೆ ಶೇಂಗಾ ಹೋಳಿಗೆ, ಖಾಲಾ ಕೊಟ್ಟ ಕ್ರೋಶಾದ ಟೇಬಲ್ ಕ್ಲಾತು, ಮತ್ತು ಬೆಳಿಗ್ಗೆಯಿಂದ ಬಿಸಿಲ ಕಡೆಗೆ ಮುಖ ಮಾಡಿ ಕೂತ ಏಳು ಕರಡಿ. ಅಕ್ಕನದು ಕೊನೆಗೆ, ಗೋಡೆಗೆ ಒರಗಿಸಿ.

ಅಪ್ಪ ಟೋಪಿ ಸರಿಮಾಡಿಕೊಂಡು ಸುರು ಹಚ್ಚಿದರು. "ಏಳೂ ನಮ್ಮ ಹುಡುಗಿ ಒಬ್ಬಾಕಿನೇ ಮಾಡ್ಯಾಳ್ರಿ. ಯಾರಿಗೂ ಕೈ ಹಚ್ಚಗೊಟ್ಟಿಲ್ಲ."

ಗೋಡೆಯ ಪಕ್ಕ ನಿಂತಿದ್ದ ಅಕ್ಕ ಅಪ್ಪನನ್ನು ದುರುಗುಟ್ಟಿ ನೋಡಿದಳು. ಹುಡುಗ ಬಾಗಿಲಲ್ಲಿ ನಿಂತು ಪಾನಕ ಕುಡಿಯುತ್ತಿದ್ದ. ಅವನ ಅಜ್ಜಿ, ಮಣ್ಣೂರ ತವರಿನ ಗಟ್ಟಿ ಹೆಂಗಸು, ಕರಡಿಗಳ ಮೂತಿ ಸವರಿ ನೋಡುತ್ತಿದ್ದಳು. ಅಷ್ಟರಲ್ಲಿ ಏಳು ಮೊಮ್ಮಕ್ಕಳಲ್ಲಿ ಎಲ್ಲಕ್ಕಿಂತ ಸಣ್ಣದು ಒಂದನೇ ಕರಡಿಯನ್ನು ಎತ್ತಿ ಅಪ್ಪಿಕೊಂಡಿತು. ಮರುಕ್ಷಣ ಕಿರುಚಿ ಒಗೆಯಿತು. ಕೂಸಿನ ಕುತ್ತಿಗೆಯ ತುಂಬ ಕೆಂಪು ಇರುವೆ.

ನೋಡಿದರೆ ಮೇಜಿನ ಕಾಲಿನಿಂದ ಸಾಲು ಹಿಡಿದು ಇರುವೆಗಳು ಹತ್ತುತ್ತಿದ್ದವು. ಹೋಳಿಗೆಯನ್ನು ಮೂಸಿಯೂ ನೋಡದೆ ನೇರವಾಗಿ ಕರಡಿಗಳ ಬೆನ್ನಿಗೆ. ಆರು ಕರಡಿಗಳ ಬೆನ್ನಿನಲ್ಲಿ ಕಂದು ಕಲೆ. ಮುಟ್ಟಿದರೆ ಅಂಟು.

ನನಗೆ ಎಲ್ಲ ಒಟ್ಟಿಗೆ ಹೊಳೆಯಿತು. ನೋಟ್‌ಬುಕ್ಕನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ.

"ನಮ್ಮ ಕಡೆ ಇರುವಿ ಭಾಳ್ರಿ," ಅಂದರು ಅಪ್ಪ. "ಊರ ತುಂಬ ಹಂಗ."

ಅಜ್ಜಿ ಅಪ್ಪನ ಕಡೆ ನೋಡಲಿಲ್ಲ. ಆರು ಕರಡಿ ನೋಡಿದಳು, ಏಳನೆಯದನ್ನು ನೋಡಿದಳು. ಅದರ ಮೇಲೆ ಒಂದು ಇರುವೆಯೂ ಇರಲಿಲ್ಲ. ಕತ್ತರಿ ಕೇಳಿದಳು. ಒಂದನೇ ಕರಡಿಯ ಬೆನ್ನಿನ ಹೊಲಿಗೆ, ನಮಗ್ಯಾರಿಗೂ ಕಾಣದ ಹೊಲಿಗೆ, ಅವಳಿಗೆ ಒಂದೇ ಸಲಕ್ಕೆ ಸಿಕ್ಕಿತು. ಎರಡು ಬೆರಳು ಹಾಕಿ ಕರಗಿದ ಬೆಲ್ಲದ ಮುದ್ದೆ ಹೊರಗೆಳೆದಳು. ನೋಡಿ ನಕ್ಕಳು. ನಾನು ಎಣಿಸಿದೆ, ಪೂರಾ ಒಂದು ನಿಮಿಷ ನಕ್ಕಳು.

"ಹೊಟ್ಟಿಗೆ ಇಟ್ಟು ಹೊಲಿದಾರ! ಇದು ಕೌದಿ ಹೊಲಿಯಾಕಿ ಕೈರಿ ಬೀಗರ. ಈ ಕೈಗೆ ಕಡಿಮಿ ಅಂದ್ರ ಅರವತ್ತು ವರ್ಷ ಆಗ್ಯಾವ. ನಿಮ್ಮ ಹುಡುಗಿಗೆ ಎಷ್ಟು?"

ಅಪ್ಪ ಬಾಯಿ ತೆರೆದರು. ಅಡತ ಅಂಗಡಿಯಲ್ಲಿ ಮೂವತ್ತು ವರ್ಷ ನುರಿದ ಬಾಯಿ. ಹೊರಟದ್ದು ಒಂದು ಕೆಮ್ಮು.

ಅಜ್ಜಿ ಏಳನೆಯದನ್ನು ಕೈಗೆ ತೆಗೆದುಕೊಂಡಳು. "ಇದರ ಹೊಟ್ಟ್ಯಾಗ ಏನೂ ಇಲ್ಲ. ಇದನ್ನ ಬ್ಯಾರೆದವರು ಮಾಡ್ಯಾರ. ಯಾರು?"

"ನಾನ್ರಿ," ಅಂದಳು ಅಕ್ಕ. ಮುಂದೆ ಬಂದು ನಿಂತಳು. ಅಜ್ಜಿಗೆ ಹೇಳುತ್ತಿದ್ದರೂ ಕಣ್ಣು ಬಾಗಿಲ ಕಡೆ. "ಆ ಏಳರಾಗ ಇದೊಂದೇ ನಂದು. ಅವತ್ತು ಕಪಾಟಿನ್ಯಾಗ ಇದ್ದದ್ದೂ ನಾ ಮಾಡಿದ್ದಲ್ರಿ, ಸೊಲ್ಲಾಪುರದ್ದು. ಹೌದು ಅಂದದ್ದು ಸುಳ್ಳು." ಆಮೇಲೆ ನನ್ನ ಕಡೆ ತಿರುಗಿ ಕೈ ನೀಡಿದಳು. "ನೋಟ್‌ಬುಕ್ ತಗಿ. ಓದು. ಎಲ್ಲಾ ಓದು."

ಇಷ್ಟು ಮಂದಿಯ ಮುಂದೆ ನನ್ನ ಬರಹ ಓದಿದ್ದು ಅದೇ ಮೊದಲು. "ಕರಡಿ ಒಂದು. ಕತ್ತರಿಸಿದ್ದು ಅತ್ತಿ, ತುಂಬಿದ್ದು ಅವ್ವ, ಮುಖ ಖಾಲಾ, ಬೆನ್ನು ಆಯಿ. ಅಕ್ಕ: ಚಹಾ. ಕರಡಿ ಎರಡು. ಅದೇ ಪ್ರಕಾರ. ಅಕ್ಕ: ಚಹಾ, ಮತ್ತು ಗುಂಡಿ ಹುಡುಕಿದ್ದು. ಕರಡಿ ಮೂರು. ಅದೇ ಪ್ರಕಾರ. ಅಕ್ಕ: ಸಿಟ್ಟು, ಚಹಾ ಇಲ್ಲ."

ಎಲ್ಲಿಂದಲೋ ಒಬ್ಬರು ಕಿಸಕ್ಕೆಂದರು. ಬೆಲ್ಲದ ಸಾಲುಗಳನ್ನೂ ಬಿಡದೆ ಓದಿದೆ. ಅತ್ತಿ ಆಯಿಯ ಕಡೆ ತಿರುಗಿದಳು. ಆಯಿ ಜಂತಿ ಎಣಿಸುತ್ತಿದ್ದಳು.

"ಕರಡಿ ಏಳು. ಕತ್ತರಿಸಿದ್ದು ಅಕ್ಕ. ಹೊಲಿದದ್ದು ಅಕ್ಕ. ಬಿಚ್ಚಿದ್ದು ಅಕ್ಕ, ಹದಿನೇಳು ಸಲ. ಬೆರಳಿಗೆ ಸೂಜಿ ಚುಚ್ಚಿದ್ದು ನಲವತ್ತೊಂದು. ಬಾಯಿ ಇನ್ನೂ ಇಲ್ಲ."

ಹುಡುಗನ ದೊಡ್ಡಪ್ಪ ಮೀಸೆ ತಿರುವಿದರು. "ಅಂದ್ರ ಸುಳ್ಳು ಹೇಳಿ ಹೆಣ್ಣು ಕೊಡಾಕತ್ತೀರಿ?"

"ನೀ ಸುಮ್ಮಿರೋ," ಅಂದಳು ಅಜ್ಜಿ. "ನಿನ್ನ ಲಗ್ನದಾಗ ನಾವೇನ್ ಖರೇ ಹೇಳಿದ್ವಿ? ನಿನಗ ಈಸು ಬರ್ತದ ಅಂದಿದ್ವಿ. ಭೀಮಾ ಹೊಳ್ಯಾಗ ನಿನ್ನ ಎಳಕೊಂಡು ಬಂದದ್ದು ನಿನ್ನ ಹೆಂಡತಿ." ದೊಡ್ಡಪ್ಪನ ಮೀಸೆ ಇಳಿಯಿತು. ಅಜ್ಜಿ ಮೊಮ್ಮಗನನ್ನು ಕರೆದಳು. "ಬಾರೋ ಇಲ್ಲಿ. ನಿನ್ನ ಮುಂದ ಹೇಳಿದ ಸುಳ್ಳು. ನೀನೇ ಏನರ ಅನ್ನು."

ಹುಡುಗ ಪಾನಕದ ಲೋಟ ಕೆಳಗಿಟ್ಟು ಬಂದ. ಎರಡು ಬಣ್ಣದ ಕಾಲಿನ ಆ ಕರಡಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಮೇಜಿನ ಮೇಲೆ ಕೂಡಿಸಿದ. ಬಿತ್ತು. ಮತ್ತೆ ಕೂಡಿಸಿದ. ಮತ್ತೆ ಬಿತ್ತು.

"ಇದಕ್ಕ ಬಾಯಿ ಇಲ್ಲಲ್ರಿ?"

"ಹೊತ್ತು ಸಿಗಲಿಲ್ರಿ."

"ಇರ್ಲಿ ಬಿಡ್ರಿ. ಸುಮ್ಮ ಕೂಡ್ತದ."

"ಅದು ಕೂಡ್ತದ್ರಿ," ಅಂದಳು ಅಕ್ಕ. "ನಾ ಸುಮ್ಮ ಕೂಡೂದಿಲ್ಲ. ಅದನ್ನೂ ಈಗೇ ಹೇಳೇನಿ."

ಅವತ್ತು ಕಪಾಟು ನೋಡಿ ನಕ್ಕಿದ್ದನಲ್ಲ, ಅದಕ್ಕಿಂತ ಜಾಸ್ತಿ ನಕ್ಕ. "ಗೊತ್ತಾತ್ರಿ," ಅಂದ. ಕರಡಿಯನ್ನು ಬಗಲಲ್ಲಿ ಇಟ್ಟುಕೊಂಡು, ಕೊಡಿ ಅಂತ ಮಕ್ಕಳು ಕೇಳಿದರೂ ಕೊಡದೆ, ಬೀಗರು ಇಳಿದುಕೊಂಡಿದ್ದ ಜಾನಿವಾಸದ ಮನೆಗೆ ಹೋದ.

ಆಮೇಲೆ ಸಂಜೆಯವರೆಗೆ ಅಜ್ಜಿ ಮತ್ತು ಆಯಿ ಪಡಸಾಲೆಯಲ್ಲಿ ಕೂತು ಆರು ಕರಡಿಗಳ ಹೊಟ್ಟೆ ಬಿಚ್ಚಿ ಬೆಲ್ಲ ತೆಗೆದರು. ಬೆಲ್ಲದ ಬದಲು ಏನಿಡಬೇಕು ಎಂದು ಜಗಳಾಡಿದರು. ಅಜ್ಜಿ ಶೇಂಗಾ ಅಂದಳು, ಆಯಿ ಇಲಿ ಬರುತ್ತವೆ ಅಂದಳು. ಒಣರೊಟ್ಟಿಗೇ ಬಂದು ನಿಂತರು. ಸೊಲ್ಲಾಪುರದಲ್ಲಿ ಹೀಗಿಲ್ಲ ಎಂದು ಅತ್ತಿ ಅಂದದ್ದು ಒಂಬತ್ತು ಸಲ.

ಮೇ ಹದಿನೆಂಟು, ಗುರುವಾರ, ಮದುವೆ. ಊಟ ಮುಗಿದು ನಾಲ್ಕೂವರೆಗೆ ಹೆಣ್ಣು ಕಳಿಸುವ ಹೊತ್ತು. ಅವ್ವ ಆಗಲೇ ಅಳಲು ಸುರು ಮಾಡಿದ್ದಳು, ಅತ್ತಿ ದನಿ ಕೂಡಿಸಿದ್ದಳು, ಓಣಿಯ ಹೆಂಗಸರು ಸೆರಗು ಸಿದ್ಧ ಮಾಡಿಕೊಂಡು ಜೀಪಿನ ಸುತ್ತ ನಿಂತಿದ್ದರು. ಅಕ್ಕ ಜೀಪಿನ ಒಳಗೆ ಕೂತು, ಹುಡುಗ ಜೊತೆಗೆ ತಂದಿದ್ದ ಕರಡಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ಖಾಲಾ, ಇದರ ಬಾಯಿಗೆ ಕರಿ ದಾರ ಕೊಡ್ರಿ," ಅಂತ ಕೂಗಿದಳು. ಖಾಲಾ ಅಳುವುದನ್ನು ನಿಲ್ಲಿಸಿ ಒಳಗೆ ಓಡಿ ದಾರದ ಉಂಡೆ, ಸೂಜಿ ತಂದು ಕೊಟ್ಟಳು.

"ಹೆಣ್ಣು ಅಳವಲ್ದು ನೋಡ್ರಿ," ಅಂತ ಒಬ್ಬಾಕೆ ದೂರಿದಳು.

"ಅಕಿಗೆ ಎಲ್ಲಿ ಹೊತ್ತದ?" ಅಂದಳು ಆಯಿ. "ಸೂಜಿ ಪೋಣಿಸಾಕತ್ತಾಳ."

ಜೀಪು ಅಲುಗಾಡುತ್ತಿತ್ತು, ದಾರ ಸೂಜಿಯ ಕಣ್ಣಿಗೆ ಹೋಗುತ್ತಿರಲಿಲ್ಲ. ನಾನು ಎಣಿಸುತ್ತಿದ್ದೆ. ಎಂಟನೇ ಸಲ ತಪ್ಪಿದಾಗ ಬಾಸಿಂಗ ಕಟ್ಟಿಕೊಂಡಿದ್ದ ನಮ್ಮ ಭಾವ ದಾರದ ತುದಿಯನ್ನು ತಗೊಂಡು, ನಾಲಿಗೆಯಿಂದ ಒದ್ದೆ ಮಾಡಿ, ಹೊಸೆದು, ಅವಳ ಕೈಗೆ ಕೊಟ್ಟ. ಒಂಬತ್ತನೆಯದನ್ನು ನಾನು ನೋಡುವಷ್ಟರಲ್ಲಿ ಜೀಪು ಬಿಜಾಪುರ ರಸ್ತೆಯ ತಿರುವಿನಲ್ಲಿತ್ತು.